ಲಗೇಜು

ಮೂರು ವರ್ಷದಲ್ಲಿ ಮೂರು ಚೀಲ ಕೆಟ್ಟವು.

ಮೊದಲನೆಯದು ಪೇಟೆಯದು. ಕಪ್ಪು, ನೋಡಲು ಜೋರು,
ಹನ್ನೊಂದು ಜಿಪ್ಪು.
ಮಾಜಾಳಿಯ ಮರಳಲ್ಲಿ ತಿಂಗಳು ಕಳೆಯುವುದರೊಳಗೆ
ಉಪ್ಪು ತಿಂದ ಜಿಪ್ಪು ಹಲ್ಲು ಕಚ್ಚಿ ಕೂತಿತು.
ಭರತದ ಹೊತ್ತು, ಚೋಣಕ ಬಂದ ಹೊತ್ತು,
ಗಾಳದ ಡಬ್ಬಿ ಒಳಗೆ, ನಾನು ಹೊರಗೆ.
ಬಾಯಲ್ಲಿ ಎಳೆದೆ.
ಅಲುಗಿದ್ದು ನನ್ನ ಹಲ್ಲು.

ಎರಡನೆಯದು ಮೊಮ್ಮಗಳ ಹಳೇ ಶಾಲೆಚೀಲ,
ಬೆನ್ನ ಮೇಲೆ ನಗುವ ಕರಡಿ.
ಹೊಕ್ಕ ನೀರು ಹೊರಡಲೇ ಒಲ್ಲದು.
ಸೀಸದ ಗುಂಡು, ಸಿಗಡಿ, ಒಂದು ಗೇಣು ಸಮುದ್ರ
ಎಲ್ಲ ಹೊತ್ತು ನಡೆದೆ;
ಕೋಡಿಬಾಗದ ತಿರುವಿನಲ್ಲಿ ಪಟ್ಟಿ ಹರಿದು
ಕರಡಿ ಬಿತ್ತು ಮುಖ ಅಡಿಯಾಗಿ.

ಮೂರನೆಯದು, ಹೇಳಲು ನಾಚಿಕೆ,
ನಿವೃತ್ತಿಯ ದಿನ ಡಿಪೋಗೆ ಒಪ್ಪಿಸದೆ ಉಳಿಸಿಕೊಂಡ
ಚರ್ಮದ ಚೀಲ.
ಮೂವತ್ತೊಂದು ವರ್ಷ ಇದೇ ಹೆಗಲಲ್ಲಿ
ಉಳಗಾ, ಹಣಕೋಣ, ಕದ್ರಾ, ರಾತ್ರಿಯ ಇಳಕಲ್.
ಚಿಲ್ಲರೆಯ ಖಾನೆಗೆ ಗಾಳ,
ನೋಟಿನ ಖಾನೆಗೆ ತಂಗೂಸ,
ಟಿಕೆಟ್ಟಿನ ಜಾಗಕ್ಕೆ ಚಾಕು. ಹೇಳಿ ಮಾಡಿಸಿದ ಹಾಗೆ.
ಆದರೆ ಆ ಚರ್ಮಕ್ಕೆ ಗೊತ್ತಿದ್ದ ಉಪ್ಪು ನನ್ನ ಬೆವರಿನದು ಮಾತ್ರ.
ದೀಪಾವಳಿಯ ಹೊತ್ತಿಗೆ
ಒಣಮೀನಿನಂತೆ ಸೆಟೆದು, ಮಡಿಸಿದಲ್ಲಿ ಬಿರಿಯಿತು.

ಕಡೆಗೆ ಅಲಿಗದ್ದಾದಲ್ಲಿ
ಬೈಕಿನ ಸೀಟು ಹೊಲಿಯುವ ಲತೀಫ್‌ಸಾಬರ ಮುಂದೆ ಕೂತೆ.
"ಎಷ್ಟು ವರ್ಷ ಬಾಳಬೇಕು?"
"ನಾನು ಬಾಳುವಷ್ಟು."
"ಹಾಗಾದರೆ ಅಳತೆ ಯಾರದು ತೆಗೀಲಿ,
ಚೀಲದ್ದೋ, ನಿಮ್ಮದೋ?"

ರೆಕ್ಸಿನ್ ಬೇಡ, ಬಿಸಿಲಿಗೆ ಸಿಪ್ಪೆ ಏಳುತ್ತದೆ.
ಕ್ಯಾನ್ವಾಸು ಒಣಗುವ ಮೊದಲೇ ಬೂಸಲು ಹಿಡಿಯುತ್ತದೆ.
ಲಾರಿಯ ತಾಡಪಾಲಿನ ಮೂರು ತುಂಡು ಕೊಟ್ಟರು;
ಮನೆಯಲ್ಲಿ ಬಕೆಟಿನ ಉಪ್ಪುನೀರಲ್ಲಿ ವಾರ ನೆನೆಹಾಕಿ,
ಮರಳಲ್ಲಿ ತಿಕ್ಕಿ, ಬೆರಳ ನಡುವೆ ಹಿಡಿದು ನೋಡಿದೆ.
ಹರಿದ ನೋಟು, ಸವೆದ ನಾಣ್ಯ
ಕತ್ತಲಲ್ಲೇ ಹಿಡಿದ ಹೆಬ್ಬೆರಳು ಇದು,
ಬಟ್ಟೆ ಇದಕ್ಕೆ ಸುಳ್ಳು ಹೇಳಲಾರದು.
ಹಸಿರು ತುಂಡನ್ನೇ ಆರಿಸಿದೆ.

ಜಿಪ್ಪಿಲ್ಲ. ಕರಟ ತಿದ್ದಿದ ಎರಡು ಗುಂಡಿ.
ಗುಜರಿಯ ವ್ಯಾನಿನ ಸೀಟುಬೆಲ್ಟು ಹೆಗಲಪಟ್ಟಿ.
ಹೊಲಿಗೆಗೆ ನನ್ನದೇ ತಂಗೂಸ, ನಲವತ್ತು ಪೌಂಡಿನದು.
ತಳಕ್ಕೆ ಮಾತ್ರ ಆರು ತೂತು ಎಂದಾಗ
ಲತೀಫ್‌ಸಾಬರು ಕತ್ತರಿ ಕೆಳಗಿಟ್ಟರು.
"ಹೊಸ ಚೀಲಕ್ಕೆ ತೂತೆ?
ಹೊಲಿದವನು ನಾನು ಅಂತ ಹೇಳಬೇಡಿ ಮತ್ತೆ."

ಅದು ನನಗೆ ಕಲಿಸಿದವಳು ಶೆವಂತಿ ತಾಂಡೇಲ.
ಬೆಳಗಿನ ಬಸ್ಸಿಗೆ ಬಿದಿರ ಬುಟ್ಟಿ ಹೊತ್ತು ಹತ್ತುವಳು,
ನೀರು ಸೀಟುಗಳ ನಡುವೆ ಹರಿದು
ಮಾಸ್ತರರ ಚಪ್ಪಲಿ ಮುಟ್ಟುವುದು.
ಲಗೇಜು ಹರಿದು ಕೈಗಿಟ್ಟು
ಹಿಂದಿನ ಮೆಟ್ಟಿಲ ಬಳಿ ನಿಲ್ಲಿಸುತ್ತಿದ್ದೆ.
"ಸೋರದ ಬುಟ್ಟಿ ತಗೊಳ್ಳೇ" ಎಂದರೆ,
"ನೀರು ಇಳಿಯದಿದ್ದರೆ ಮೀನು ಕೊಳೀತದೆ ಕೊಳಂಬಕರ,
ನಿಮ್ಮ ಬಸ್ಸಿಗೇನು, ತೊಳೆದರೆ ಹೋಯ್ತು."
ಆಗ ಸಿಟ್ಟು ಬಂದಿತ್ತು.
ತೊಳೆಯುವವರು ಬೇರೆ, ಆದರೂ.

ನಿನ್ನೆ ಸಂಜೆ ಮಾಜಾಳಿಯಿಂದ ಬಸ್ಸು ಹತ್ತಿದೆ.
ಹಸಿರು ಚೀಲ, ಒಳಗೆ ನಾಲ್ಕು ನೋಗ್ಲಿ.
ಸದಾಶಿವಗಡ ದಾಟುವಷ್ಟರಲ್ಲಿ
ಆರು ತೂತಿನಿಂದ ಹನಿ ಹನಿ ಇಳಿದು
ಒಂದು ಗೆರೆ ನಿಧಾನ ಮುಂದಕ್ಕೆ ಹೊರಟಿತು.
ಸೀರೆಯಂಚು ಎತ್ತಿದರು, ಯಾರೋ ಮೂಗು ಮುಚ್ಚಿದರು.
ಮೀಸೆ ಚಿಗುರುವ ವಯಸ್ಸಿನ ಕಂಡಕ್ಟರು
ಗೆರೆಯನ್ನೇ ನೋಡುತ್ತ ಬಂದು, ಚೀಲ ನೋಡಿ,
"ಲಗೇಜು, ಅಜ್ಜ."
ಯಂತ್ರ ಕಿರ್ರೆಂದು ಚೀಟಿ ಉಗುಳಿತು.

ಚಿಲ್ಲರೆ ಎಣಿಸಿ ಕೊಟ್ಟೆ.
ಮತ್ತೆ, ಯಾರೂ ಹೇಳುವ ಮೊದಲು,
ಎದ್ದು ಹಿಂದಿನ ಮೆಟ್ಟಿಲ ಬಳಿ ಹೋಗಿ ನಿಂತೆ.